ತುರ್ತು ಕರೆಗೆ ಬೈಕಿನಲ್ಲಿ ಹೋಗಬಹುದೇ? ಹೋಗಬಹುದು, ಸೈರನ್ ಇಲ್ಲದೆ

ಪ್ರಶ್ನೆ: ನಮ್ಮದು ಘಟ್ಟದ ಬುಡದಲ್ಲಿರುವ ಹೆದ್ದಾರಿ ಊರು. ಅಪಘಾತವಾದಾಗ, ಮರ ಬಿದ್ದಾಗ, ನೆರೆ ಬಂದಾಗ ಕೆಲಸಕ್ಕಿಳಿಯುವ 14 ಜನರ ಸ್ವಯಂಸೇವಕ ತಂಡವಿದೆ. ಎಲ್ಲರಿಗೂ ಪ್ರಥಮ ಚಿಕಿತ್ಸೆಯ ತರಬೇತಿ ಆಗಿದೆ. ದೂರದ ತಿರುವುಗಳಿಗೆ ಆಂಬುಲೆನ್ಸ್ ಬರಲು ಕೆಲವೊಮ್ಮೆ 25 ನಿಮಿಷ ಹಿಡಿಯುತ್ತದೆ. ಹುಡುಗರು ತಮ್ಮ ತಮ್ಮ ಬೈಕಿನಲ್ಲೇ ನೇರ ಸ್ಥಳಕ್ಕೆ ಹೋಗುತ್ತೇವೆ ಎನ್ನುತ್ತಿದ್ದಾರೆ. ಒಪ್ಪಿಗೆ ಕೊಡಬಹುದೇ? ಸೈರನ್, ಮಿನುಗುದೀಪ ಹಾಕಿಸಬಹುದೇ? ಬೈಕಿನಲ್ಲಿ ಏನೇನು ಇರಬೇಕು?

ಉತ್ತರ: ಒಪ್ಪಿಗೆ ಕೊಡಿ. ಆದರೆ ಹದಿನಾಲ್ಕೂ ಜನಕ್ಕೆ ಬೇಡ, ಆ ಹೊತ್ತಿನ ಪಾಳಿಯಲ್ಲಿರುವ ಇಬ್ಬರಿಗೆ ಮಾತ್ರ. ಸೈರನ್ ಬೇಡ, ಮಿನುಗುದೀಪವೂ ಬೇಡ. ರಸ್ತೆಯಲ್ಲಿ ಬೇರೆ ಬೈಕುಗಳಿಗೆ ಇರುವ ನಿಯಮವೇ ಇವರಿಗೂ. ಇದನ್ನು ಕೇಳಿ ಹುಡುಗರ ಮುಖ ಸಪ್ಪಗಾಗಬಹುದು. ಅವರ ಮುಂದೆ ಈ ಲೆಕ್ಕ ಇಡಿ.

ಸ್ಥಳ 6 ಕಿ.ಮೀ. ದೂರದಲ್ಲಿದೆ ಎಂದುಕೊಳ್ಳಿ. ಸರಾಸರಿ ಗಂಟೆಗೆ 30 ಕಿ.ಮೀ. ವೇಗದಲ್ಲಿ ಹೋದರೆ 12 ನಿಮಿಷ. ಎದೆ ಗಟ್ಟಿ ಮಾಡಿಕೊಂಡು ನುಗ್ಗಿ ಸರಾಸರಿಯನ್ನು 40ಕ್ಕೆ ಏರಿಸಿದರೆ 9 ನಿಮಿಷ. ಅಷ್ಟೆಲ್ಲ ಅಪಾಯಕ್ಕೆ ಸಿಕ್ಕಿದ್ದು 3 ನಿಮಿಷ. ಅದೇ ಬೈಕು 3 ಕಿ.ಮೀ. ಹತ್ತಿರದಲ್ಲೇ ನಿಂತಿದ್ದರೆ 30ರ ವೇಗದಲ್ಲೇ 6 ನಿಮಿಷಕ್ಕೆ ತಲುಪುತ್ತದೆ. ಇನ್ನು ಕರೆ ಬಂದ ಮೇಲೆ ಕೀ ಹುಡುಕಿ, ಬ್ಯಾಗ್ ಕಟ್ಟಿ, ಮಳೆಕೋಟು ಹಾಕಿ ಹೊರಡುವ ಹೊತ್ತಿಗೆ ಮೂರು ನಾಲ್ಕು ನಿಮಿಷ ಸುಮ್ಮನೆ ಕಳೆದಿರುತ್ತದೆ. ಎಲ್ಲ ಸಿದ್ಧವಿದ್ದರೆ ಒಂದು ನಿಮಿಷ ಸಾಕು. ಬೈಕು ಎಲ್ಲಿ ನಿಂತಿದೆ, ಎಷ್ಟು ಬೇಗ ಹೊರಟಿತು, ಟ್ರಾಫಿಕ್ಕಿನಲ್ಲಿ ಎಷ್ಟು ಕಡಿಮೆ ಸಲ ನಿಂತಿತು, ಇವುಗಳಿಂದಲೇ ಸಮಯ ಉಳಿಯುವುದು. ಆಕ್ಸಿಲರೇಟರ್‌ನಿಂದ ಉಳಿಯುವುದು ಚಿಲ್ಲರೆ.

ಆ ಚಿಲ್ಲರೆಗೆ ತೆರುವ ಬೆಲೆ ದೊಡ್ಡದು. ಒಣ ಟಾರು ರಸ್ತೆಯಲ್ಲಿ ಗಂಟೆಗೆ 40 ಕಿ.ಮೀ.ನಲ್ಲಿ ಹೋಗುವಾಗ ಅಪಾಯ ಕಂಡು ಕೈಕಾಲು ಆಡಲು ಒಂದು ಸೆಕೆಂಡ್, ಅಷ್ಟರಲ್ಲಿ 11 ಮೀಟರ್. ಬ್ರೇಕ್ ಹಿಡಿದು ನಿಲ್ಲಲು ಇನ್ನು ಸುಮಾರು 10 ಮೀಟರ್. ಒಟ್ಟು 21. ವೇಗ 60 ಆದರೆ ಒಟ್ಟು 40 ಮೀಟರ್, ರಸ್ತೆ ಒದ್ದೆಯಾಗಿದ್ದರೆ 50 ದಾಟುತ್ತದೆ. ಘಟ್ಟದ ತಿರುವಿನಲ್ಲಿ ಕಣ್ಣಿಗೆ ಕಾಣುವ ರಸ್ತೆಯೇ ಎಷ್ಟೋ ಕಡೆ ಅಷ್ಟು ಉದ್ದ ಇರುವುದಿಲ್ಲ.

ಬೈಕಿನಲ್ಲಿ ಹೋಗಿ ತುರ್ತು ಚಿಕಿತ್ಸೆ ಕೊಡುವುದು ಹೊಸದೇನಲ್ಲ. ಲಂಡನ್ ಆಂಬುಲೆನ್ಸ್ ಸೇವೆ 1991ರಿಂದ ಮೋಟಾರ್‌ಸೈಕಲ್ ಬಳಸುತ್ತಿದೆ. ಕರ್ನಾಟಕ ಸರ್ಕಾರ 2015ರಲ್ಲಿ ಬೈಕ್ ಆಂಬುಲೆನ್ಸ್‌ಗಳನ್ನು ರಸ್ತೆಗಿಳಿಸಿತು, ಹೆಚ್ಚಿನವು ಬೆಂಗಳೂರಿಗೆ. ಇಂಥ ಸೇವೆಯಲ್ಲಿ ಸವಾರ ಹೋಗುವುದು ಚಿಕಿತ್ಸೆ ಶುರು ಮಾಡಲು. ಗಾಯಾಳುವನ್ನು ಸಾಗಿಸಲು ಹಿಂದಿನಿಂದ ನಾಲ್ಕು ಚಕ್ರದ ಆಂಬುಲೆನ್ಸ್ ಬರುತ್ತಿರುತ್ತದೆ. ರೋಗಿಯನ್ನೇ ಕೂರಿಸಿಕೊಂಡು ಹೋಗುವ ಬೈಕ್ ಆಂಬುಲೆನ್ಸ್ ಬೇರೆಯೇ ಜಾತಿ. ಪಶ್ಚಿಮ ಬಂಗಾಳದ ಜಲ್ಪಾಯ್‌ಗುರಿಯ ಕರೀಮುಲ್ ಹಕ್ ಅವರಿಗೆ 2017ರಲ್ಲಿ ಪದ್ಮಶ್ರೀ ಬಂದದ್ದು ಆ ಕೆಲಸಕ್ಕೆ. 2021ರಲ್ಲಿ ಸಿಆರ್‌ಪಿಎಫ್‌ಗೆಂದು ಡಿಆರ್‌ಡಿಒ ತಯಾರಿಸಿಕೊಟ್ಟ ‘ರಕ್ಷಿತಾ’ ಕೂಡ ಆ ಬಗೆಯದೇ. ಜೀಪು ಹೋಗದ ಕಾಡುದಾರಿಗೆ ಅದು ಸರಿ. ನಿಮ್ಮದು ಹೆದ್ದಾರಿ. ಅಲ್ಲಿ ಬಿದ್ದವರ ಕುತ್ತಿಗೆ, ಬೆನ್ನುಮೂಳೆ ಏನಾಗಿದೆಯೋ ಗೊತ್ತಿರುವುದಿಲ್ಲ. ಅಂಥವರನ್ನು ಇಬ್ಬರ ನಡುವೆ ಕೂರಿಸಿ ಒಯ್ದರೆ, ನಡೆಯಬಹುದಾಗಿದ್ದವರು ಜನ್ಮಪೂರ್ತಿ ಹಾಸಿಗೆ ಹಿಡಿಯಬಹುದು. ‘ಗಾಯಾಳುವನ್ನು ಬೈಕಿನಲ್ಲಿ ಸಾಗಿಸುವಂತಿಲ್ಲ’ ಎಂಬುದು ನಿಮ್ಮ ಒಪ್ಪಿಗೆ ಪತ್ರದ ಮೊದಲ ಸಾಲಾಗಲಿ.

ಈಗ ಸೈರನ್ ವಿಚಾರ. ಆಂಬುಲೆನ್ಸ್, ಅಗ್ನಿಶಾಮಕ, ಪೊಲೀಸ್ ಮುಂತಾದ ಕರ್ತವ್ಯದ ವಾಹನಗಳಿಗೆ ಮಾತ್ರ 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಅಂಥ ಶಬ್ದ, ದೀಪಗಳಿಗೆ ಅವಕಾಶ ಕೊಟ್ಟಿವೆ. ಶಬ್ದಕ್ಕೆ ನೋಂದಣಿ ಪ್ರಾಧಿಕಾರದ, ಅಂದರೆ ಆರ್‌ಟಿಒ ಒಪ್ಪಿಗೆ ಬೇಕು. ಸ್ವಂತ ಬೈಕಿಗೆ ಅಂಗಡಿಯಿಂದ ಸೈರನ್ ತಂದು ಕಟ್ಟಿದರೆ ಅದು ನೇರ ಅಪರಾಧ, ಒಳ್ಳೆಯ ಉದ್ದೇಶ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ತುರ್ತು ವಾಹನಕ್ಕೆ ದಾರಿ ಬಿಡದವರಿಗೆ 10,000 ರೂಪಾಯಿ ದಂಡ ಹೇಳುವ ಮೋಟಾರು ವಾಹನ ಕಾಯ್ದೆಯ 194ಇ ಕಲಮೂ ನಿಮ್ಮ ಹುಡುಗರ ಬೈಕಿಗೆ ಅನ್ವಯಿಸದು.

ಕಾನೂನು ಬದಿಗಿಟ್ಟರೂ ಬೈಕಿನ ಸೈರನ್ ಸವಾರನಿಗೇ ತಿರುಗಿ ಬೀಳುತ್ತದೆ. ಕಿಟಕಿ ಏರಿಸಿ, ಎಸಿ ಹಾಕಿ, ಹಾಡು ಕೇಳುತ್ತಿರುವ ಕಾರಿನವನಿಗೆ ಅದು ಕೇಳುವುದು ಬೈಕು ತೀರ ಹತ್ತಿರ ಬಂದ ಮೇಲೆ. ಕೇಳಿದ ಕೂಡಲೇ ಅವನು ಮಾಡುವುದು ಗಾಡಿಯನ್ನು ಎಡಕ್ಕೆ ಎಳೆಯುವುದು. ಸಂದು ಹುಡುಕಿ ಎಡಗಡೆಯಿಂದಲೇ ನುಗ್ಗುತ್ತಿದ್ದ ಬೈಕು ಕಾರಿಗೂ ತಡೆಗೋಡೆಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಇನ್ನೊಂದು ಮೋಸ ಇದೆ. ಆಂಬುಲೆನ್ಸ್ ಬೆನ್ನಿಗೇ ಬೈಕು ಹೋದರೆ ಜನ ಮೊದಲಿನದಕ್ಕೆ ದಾರಿ ಬಿಟ್ಟು, ಅದು ದಾಟಿದ ತಕ್ಷಣ ನೋಡದೆ ರಸ್ತೆಗೆ ಮರಳುತ್ತಾರೆ. ಇನ್ನೊಂದು ಬರುತ್ತಿದೆ ಎಂದು ಯಾರೂ ಎಣಿಸಿರುವುದಿಲ್ಲ. ಸೈರನ್ ಇರಲಿ ಬಿಡಲಿ, ನಿಮ್ಮವರು ಎಡದಿಂದ ಮುಂದೆ ಹೋಗಬಾರದು, ಆಂಬುಲೆನ್ಸ್‌ನ ಬಾಲ ಹಿಡಿಯಬಾರದು.

ವಿಮೆಯ ಕಡತ ತೆಗೆದು ಒಮ್ಮೆ ಓದಿ. ಮೂರನೇ ವ್ಯಕ್ತಿಯ ವಿಮೆ ಎಲ್ಲ ಬೈಕಿಗೂ ಕಡ್ಡಾಯ, ಸವಾರ ಮಾಲೀಕನಿಗೆ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ರಕ್ಷಣೆಯೂ ಇರಬೇಕು. ಬೈಕು ಅಪ್ಪನ ಹೆಸರಿನಲ್ಲಿದ್ದು ಮಗ ಓಡಿಸುತ್ತಿದ್ದರೆ ಈ ಮಾಲೀಕ-ಸವಾರ ರಕ್ಷಣೆ ಮಗನಿಗೆ ಸಿಗುವುದಿಲ್ಲ. ಹಳ್ಳಿಗಳಲ್ಲಿ ಅರ್ಧಕ್ಕರ್ಧ ಬೈಕುಗಳು ಹೀಗೇ ಇರುತ್ತವೆ. ಆದ್ದರಿಂದ ಪಾಳಿಗೆ ಬರುವ ಪ್ರತಿಯೊಬ್ಬರ ಹೆಸರಿನಲ್ಲಿ ಬೇರೆಯೇ ಅಪಘಾತ ವಿಮೆ ಮಾಡಿಸಿ. ಇಂಧನದ ಖರ್ಚು ಬಿಟ್ಟು ಪ್ರತಿ ಕರೆಗೆ ಇಷ್ಟು ಎಂದು ದುಡ್ಡು ಕೊಡುವ ಯೋಚನೆ ಇದ್ದರೆ ವಿಮಾ ಕಂಪನಿಯನ್ನು ಲಿಖಿತವಾಗಿ ಕೇಳಿಯೇ ಮುಂದುವರಿಯಿರಿ. ಖಾಸಗಿ ಬಳಕೆಯ ಪಾಲಿಸಿ ಬಾಡಿಗೆ ಕೆಲಸಕ್ಕೆ ಬರುವುದಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 134ಎ ಕಲಮಿನ ಬಗ್ಗೆಯೂ ತಪ್ಪು ತಿಳಿವಳಿಕೆ ಇದೆ. ಪ್ರತಿಫಲ ಬಯಸದೆ ಅಪಘಾತದ ಗಾಯಾಳುವಿಗೆ ನೆರವಾದವರನ್ನು, ಆ ನೆರವಿನಲ್ಲಿ ಆದ ಎಡವಟ್ಟಿನ ಹೊಣೆಯಿಂದ ಅದು ಕಾಪಾಡುತ್ತದೆ. ದಾರಿಯಲ್ಲಿ ನಿಮ್ಮವರೇ ಯಾರಿಗಾದರೂ ಗುದ್ದಿದರೆ ಅದು ನೆರವಿಗೆ ಬಾರದು.

ಇಷ್ಟಾದರೂ ಹೆಚ್ಚಿನ ತಂಡಗಳು ಎಡವುವುದು ಕರೆ ಹಂಚುವ ಕ್ರಮದಲ್ಲಿ. ವಾಟ್ಸ್‌ಆ್ಯಪ್ ಗುಂಪಿಗೆ ಒಬ್ಬ ‘ಎರಡನೇ ತಿರುವಲ್ಲಿ ಆ್ಯಕ್ಸಿಡೆಂಟ್’ ಎಂದು ಹಾಕುತ್ತಾನೆ. ಒಂಬತ್ತು ಬೈಕು ಹೊರಡುತ್ತವೆ. ಕಿರಿದಾದ ರಸ್ತೆಯಲ್ಲಿ ಆ ಒಂಬತ್ತು ಬೈಕು ನಿಂತ ಜಾಗವೇ ಆಂಬುಲೆನ್ಸ್ ತಿರುಗಬೇಕಾದ ಜಾಗ. ಅದಕ್ಕೇ ಒಂದೇ ನಂಬರ್, ಒಬ್ಬನೇ ಸಂಯೋಜಕ. ಅವನು ಹೆಸರು ಹಿಡಿದು ಹೇಳಿದ ಇಬ್ಬರು ಮಾತ್ರ ಹೊರಡಬೇಕು, ಉಳಿದವರು ಕರೆದರೆ ಬರಬೇಕು. ಇಬ್ಬರೂ ಬೇರೆ ಬೇರೆ ಬೈಕಿನಲ್ಲಿ ಹೋಗಲಿ. ಹಿಂದೆ ಒಬ್ಬರನ್ನು ಕೂರಿಸಿಕೊಂಡರೆ ಸಾಮಾನಿನ ಭಾರದ ಮೇಲೆ ಇನ್ನೊಂದು ಆಳಿನ ಭಾರ ಬೀಳುತ್ತದೆ, ಒಂದು ಪಂಕ್ಚರ್ ಆದರೆ ಇಬ್ಬರೂ ದಾರಿಯಲ್ಲೇ.

ಸಂಯೋಜಕ ಮಾಡಬೇಕಾದ ಮೊದಲ ಕೆಲಸ 108ಕ್ಕೆ ಕರೆ ಹೋಗಿದೆಯೇ ಎಂದು ಖಚಿತ ಮಾಡಿಕೊಳ್ಳುವುದು, ಹೋಗಿರದಿದ್ದರೆ ತಾನೇ ಮಾಡುವುದು. ಬೈಕು ಹೊರಡಿಸುವುದು ಆಮೇಲೆ. ‘ಹುಡುಗರು ಹೋಗಿ ನೋಡಲಿ, ಬೇಕಾದರೆ ಆಂಬುಲೆನ್ಸ್ ಕರೆಯೋಣ’ ಎಂಬ ಯೋಚನೆ ಬಂದರೆ ಬೈಕಿನಿಂದ ಉಳಿದ ಸಮಯವೆಲ್ಲ ಅಲ್ಲೇ ಸೋರಿಹೋಗುತ್ತದೆ. ಬೇಡವೆನಿಸಿದರೆ ಹೊರಟ ಆಂಬುಲೆನ್ಸನ್ನು ವಾಪಸು ಕಳಿಸಬಹುದು, ಹೊರಡದ ಆಂಬುಲೆನ್ಸಿನಿಂದ ಯಾರಿಗೂ ಉಪಯೋಗವಿಲ್ಲ. ಕರೆ ಮಾಡಿದವರಿಂದ ಎರಡು ವಿಷಯ ಬಿಡಿಸಿ ಕೇಳಬೇಕು: ಹತ್ತಿರದ ಕಿಲೋಮೀಟರ್ ಕಲ್ಲಿನ ಮೇಲೆ ಏನು ಬರೆದಿದೆ, ಅವರು ಘಟ್ಟ ಹತ್ತುತ್ತಿದ್ದರೋ ಇಳಿಯುತ್ತಿದ್ದರೋ. ಸವಾರ ಹೊರಡುವ ಮೊದಲೇ ಇದನ್ನು ಪೂರ್ತಿ ಕೇಳಿಸಿಕೊಳ್ಳಲಿ. ತಿರುವುಗಳಲ್ಲಿ ನೆಟ್‌ವರ್ಕ್ ಇರುವುದಿಲ್ಲ, ಇದ್ದರೂ ಓಡಿಸುತ್ತ ಫೋನ್ ಎತ್ತುವ ಹಾಗಿಲ್ಲ.

ಬೈಕು ಯಾವುದಿರಬೇಕು ಎಂದು ನೀವು ಕೇಳಿಲ್ಲ, ಆದರೂ ಒಂದು ಮಾತು. 125 ಸಿಸಿಗಿಂತ ಮೇಲಿನ, ಎಬಿಎಸ್ (ಗಕ್ಕನೆ ಬ್ರೇಕ್ ಹಿಡಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಇರುವ ಸಾಮಾನ್ಯ ಕಮ್ಯೂಟರ್ ಬೈಕು ಸಾಕು. ಸೀಟು ಎತ್ತರದ, ಹಿಂಬದಿ ಚೂಪಾದ ರೇಸ್ ಬೈಕು ಬೇಡ, ಅದಕ್ಕೆ ಸಾಮಾನು ಕಟ್ಟಲು ಜಾಗವೇ ಇಲ್ಲ. ಸೆಂಟರ್ ಸ್ಟ್ಯಾಂಡ್ ಇರಲೇಬೇಕು. ಮಳೆಗಾಲದಲ್ಲಿ ರಸ್ತೆ ಪಕ್ಕದ ಮಣ್ಣಿಗೆ ಸೈಡ್ ಸ್ಟ್ಯಾಂಡ್ ಹೂತು ಬೈಕು ಮಗುಚುತ್ತದೆ. ಅಂಗೈ ಅಗಲದ ಒಂದು ತಗಡು ಅಥವಾ ಹಲಗೆ ತುಂಡು ಬಾಕ್ಸಿನಲ್ಲಿದ್ದರೆ ಸ್ಟ್ಯಾಂಡಿನ ಕೆಳಗೆ ಇಡಬಹುದು.

ಸಾಮಾನಿನ ಒಟ್ಟು ತೂಕ 20 ಕಿಲೋ ದಾಟದಿರಲಿ. ಭಾರವಾದದ್ದೆಲ್ಲ ಎರಡು ಸೈಡ್ ಬಾಕ್ಸಿನ ತಳದಲ್ಲಿ, ಸಾಧ್ಯವಾದಷ್ಟು ಮುಂದಕ್ಕೆ ಇರಬೇಕು. ಎಡ ಬಲದ ವ್ಯತ್ಯಾಸ ಒಂದು ಕಿಲೋ ಒಳಗಿರಲಿ, ತಕ್ಕಡಿಯಲ್ಲಿ ತೂಗಿಯೇ ನೋಡಿ. ಹಿಂದಿನ ಟಾಪ್ ಬಾಕ್ಸಿಗೆ ಹಗುರವಾದದ್ದು ಮಾತ್ರ, ಎಷ್ಟೇ ಆದರೂ 5 ಕಿಲೋ, ಕ್ಯಾರಿಯರ್ ಮೇಲೆ ಅದಕ್ಕಿಂತ ಕಡಿಮೆ ಬರೆದಿದ್ದರೆ ಅಷ್ಟೇ. ಹಿಂದೆ ಎತ್ತರದಲ್ಲಿ ಭಾರ ಹೇರಿದರೆ ಮುಂದಿನ ಚಕ್ರ ಹಗುರಾಗಿ, ಒಂದು ವೇಗ ದಾಟಿದ ಮೇಲೆ ಹ್ಯಾಂಡಲ್ ತಾನಾಗಿಯೇ ನಡುಗಲು ಶುರುವಾಗುತ್ತದೆ. ಆಗ ಹೆದರಿ ಬಿಗಿಯಾಗಿ ಹಿಡಿದರೆ ನಡುಕ ಹೆಚ್ಚುತ್ತದೆ. ಹಿಂದಿನ ಟೈರಿನ ಗಾಳಿಯನ್ನು, ಇಬ್ಬರು ಕೂತಾಗ ಎಷ್ಟಿರಬೇಕೆಂದು ಕಂಪನಿ ಕೈಪಿಡಿಯಲ್ಲಿದೆಯೋ ಅಷ್ಟಕ್ಕೆ ಏರಿಸಿಡಿ.

ಬಾಕ್ಸಿನಲ್ಲಿ ಏನಿರಬೇಕು ಎಂಬುದನ್ನು ಯಾವುದು ಮೊದಲು ಕೈಗೆ ಬರಬೇಕು ಎಂಬ ಲೆಕ್ಕದಲ್ಲಿ ಹೇಳುತ್ತೇನೆ. ಟಾಪ್ ಬಾಕ್ಸಿನಲ್ಲಿ ರಕ್ತ ನಿಲ್ಲಿಸುವ ಚೀಲ: ಟೂರ್ನಿಕೆ (ಕೈಕಾಲಿಗೆ ಬಿಗಿದು ರಕ್ತ ತಡೆಯುವ ಪಟ್ಟಿ) 2, ಒತ್ತುಪಟ್ಟಿ 4, ಗಾಜ್ ರೋಲ್ 6, ಬಟ್ಟೆ ಕತ್ತರಿಸುವ ದಪ್ಪ ಕತ್ತರಿ, ಟೂರ್ನಿಕೆ ಬಿಗಿದ ಗಂಟೆ ನಿಮಿಷ ಬರೆಯಲು ಮಾರ್ಕರ್ ಪೆನ್ನು. ದೊಡ್ಡ ರಕ್ತನಾಳ ಹರಿದರೆ ಜೀವ ಹೋಗಲು ಕೆಲವೇ ನಿಮಿಷ ಸಾಕು, ನಿಮ್ಮ ಬೈಕಿನಿಂದ ಅತಿ ಹೆಚ್ಚು ಲಾಭ ಆಗುವುದು ಇಲ್ಲೇ. ಒಂದು ಸೈಡ್ ಬಾಕ್ಸಿನಲ್ಲಿ ಉಸಿರಾಟದ್ದು: ದೊಡ್ಡವರ ಮತ್ತು ಮಕ್ಕಳ ಅಂಬು ಬ್ಯಾಗ್ (ಕೈಯಿಂದ ಹಿಸುಕಿ ಉಸಿರು ಕೊಡುವ ಚೀಲ), ಪಾಕೆಟ್ ಮಾಸ್ಕ್, ಪಲ್ಸ್ ಆಕ್ಸಿಮೀಟರ್, ಅನುಕೂಲವಿದ್ದರೆ ಎಇಡಿ, ಅಂದರೆ ಬಡಿತ ಕೆಟ್ಟ ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಯಂತ್ರ. ಇನ್ನೊಂದರಲ್ಲಿ ಮುರಿದ ಮೂಳೆ ಅಲುಗದಂತೆ ಕಟ್ಟುವ, ಬಾಗಿಸಬಹುದಾದ ಸ್ಪ್ಲಿಂಟ್ 2, ಅಳತೆ ಬದಲಿಸಬಹುದಾದ ಕುತ್ತಿಗೆ ಪಟ್ಟಿ 1, ತ್ರಿಕೋನ ಬಟ್ಟೆ 4, ಫಾಯಿಲ್ ಹೊದಿಕೆ 2, ಒಂದು ಕಿಲೋದ ಪೌಡರ್ ಅಗ್ನಿನಂದಕ, ಮಡಚುವ ಕೋನ್ 4, ತಲೆಗೆ ಕಟ್ಟುವ ಟಾರ್ಚ್, ಸೀಟ್‌ಬೆಲ್ಟ್ ಕತ್ತರಿಸಿ ಗಾಜು ಒಡೆಯುವ ಸಾಧನ, ಚಕ್ರಕ್ಕೆ ಕೊಡುವ ಅಡ್ಡಗಟ್ಟೆ 2. ಜಖಂ ಆದ ಗಾಡಿಯನ್ನು ಸೀಳುವ ಹೈಡ್ರಾಲಿಕ್ ಕಟರ್ ಬೈಕಿನಲ್ಲಿ ತರುವ ವಸ್ತುವಲ್ಲ, ಅದು ಅಗ್ನಿಶಾಮಕ ವಾಹನದ ಕೆಲಸ.

ಆಮ್ಲಜನಕ ಇಡಬೇಕೆಂದರೆ ಲೆಕ್ಕ ಗೊತ್ತಿರಲಿ. 2 ಲೀಟರ್ ನೀರು ಹಿಡಿಯುವ ಸಿಲಿಂಡರಿಗೆ 150 ಬಾರ್ ಒತ್ತಡದಲ್ಲಿ ತುಂಬಿದರೆ ಒಳಗಿರುವುದು ಸುಮಾರು 300 ಲೀಟರ್. ನಿಮಿಷಕ್ಕೆ 10 ಲೀಟರ್ ಹರಿಸಿದರೆ ಅರ್ಧ ಗಂಟೆ, ತಳದ ಸ್ವಲ್ಪ ಬಿಟ್ಟರೆ 25 ನಿಮಿಷ. ಆಂಬುಲೆನ್ಸ್ 25 ನಿಮಿಷಕ್ಕೆ ಬರುವ ಊರಿನಲ್ಲಿ ಅದು ಹೇಗೋ ಸಾಕಾಗುತ್ತದೆ. ಬೈಕಿನ ಕಂಪನಕ್ಕೆ ರೆಗ್ಯುಲೇಟರ್ ಸಡಿಲಾಗಿ ರಾತ್ರಿಯೆಲ್ಲ ಸೋರುವುದು ಮಾಮೂಲು, ಹಾಗಾಗಿ ಸಿಲಿಂಡರಿನ ವಾಲ್ವ್ ಮುಚ್ಚಿಯೇ ಇಡಬೇಕು, ಪಾಳಿ ಬದಲಾದಾಗಲೆಲ್ಲ ಮಾಪಕ ನೋಡಬೇಕು. ಎಇಡಿಗೆ ಶತ್ರು ಬಿಸಿಲು. ಬಹುತೇಕ ಯಂತ್ರಗಳಿಗೆ 50 ಡಿಗ್ರಿ ಸೆಲ್ಸಿಯಸ್ ಮಿತಿ. ಮಾರ್ಚ್ ಬಿಸಿಲಲ್ಲಿ ನಿಂತ ಕಪ್ಪು ಬಾಕ್ಸಿನ ಒಳಗೆ ಅದು ದಾಟಬಹುದು, ಪ್ಯಾಡಿನ ಅಂಟು ಒಣಗಿ ಎದೆಗೆ ಹಿಡಿಯುವುದೇ ಇಲ್ಲ. ಬೈಕು ನೆರಳಲ್ಲಿ ನಿಲ್ಲಲಿ, ಬಾಕ್ಸಿನ ಬಣ್ಣ ಬಿಳಿ ಇರಲಿ.

ಸಣ್ಣ ವಿಷಯ ಅನ್ನಿಸಿದರೂ ಸ್ಥಳದಲ್ಲಿ ಎಲ್ಲರನ್ನೂ ಕಾಡುವುದು ಕೀ. ಬಾಕ್ಸಿನ ಕೀ, ಬೈಕಿನ ಕೀ ಒಂದೇ ಗೊಂಚಲಿನಲ್ಲಿರುತ್ತವೆ. ಕತ್ತಲೆಯಲ್ಲಿ ಬೈಕಿನ ದೀಪ, ಇಂಡಿಕೇಟರ್ ಉರಿಯಲೆಂದು ಕೀಯನ್ನು ಅಲ್ಲೇ ಬಿಟ್ಟರೆ ಬಾಕ್ಸು ತೆರೆಯುವುದು ಹೇಗೆ? ಕೀ ತೆಗೆದರೆ ದೀಪ ಆರುತ್ತದೆ, ಹಿಂದಿನಿಂದ ಬರುವ ಲಾರಿಗೆ ನಿಮ್ಮ ಹುಡುಗ ಕಾಣುವುದಿಲ್ಲ. ಬಾಕ್ಸಿನ ಕೀಯನ್ನು ಬೇರೆ ಮಾಡಿ ಸುರುಳಿ ದಾರದಲ್ಲಿ ಸೊಂಟಕ್ಕೆ ಕಟ್ಟಿಕೊಳ್ಳಲಿ. ಕೈಗವಸಿನದೂ ಅದೇ ಕಥೆ: ರೈಡಿಂಗ್ ಗ್ಲೌಸ್ ತೆಗೆದ ಬೆವರುಗೈಗೆ ನೈಟ್ರೈಲ್ ಗ್ಲೌಸ್ ಏರುವುದಿಲ್ಲ, ಎಳೆದರೆ ಹರಿಯುತ್ತದೆ. ಒಂದು ಅಳತೆ ದೊಡ್ಡದನ್ನು ತರಿಸಿ, ಎರಡು ಜೊತೆ ಜಾಕೆಟ್ಟಿನ ಹೊರಜೇಬಿನಲ್ಲಿ, ಆರು ಜೊತೆ ಬಾಕ್ಸಿನಲ್ಲಿ ಇಡಿ. ಹೆಲ್ಮೆಟ್ ಐಎಸ್‌ಐ ಗುರುತಿನ, ಗಲ್ಲದ ಭಾಗ ಮೇಲಕ್ಕೆ ಎತ್ತಬಹುದಾದದ್ದು ಒಳ್ಳೆಯದು. ಪೂರ್ತಿ ಮುಖ ಮುಚ್ಚಿದವನ ಮಾತು ಗಾಯಾಳುವಿಗೆ ಕೇಳುವುದಿಲ್ಲ, ಹೆದರಿಕೆಯೂ ಆಗುತ್ತದೆ.

ಬೈಕು ನಿಲ್ಲಿಸುವ ಜಾಗ ಅಪಘಾತದ ಸ್ಥಳಕ್ಕಿಂತ 10–15 ಮೀಟರ್ ಹಿಂದೆ, ರಸ್ತೆಯ ಅಂಚಿನಲ್ಲಿ, ಆಂಬುಲೆನ್ಸಿಗೆ ಜಾಗ ಬಿಟ್ಟು. ತಿರುವಿನ ಒಳಗೆ ಅಪಘಾತವಾಗಿದ್ದರೆ ಕೋನ್‌ಗಳು ತಿರುವು ಶುರುವಾಗುವುದಕ್ಕೂ ಮುಂಚೆ ಇರಬೇಕು. ಮೊದಲು ತಲುಪಿದವನು ನೇರ ಗಾಯಾಳುವಿನ ಬಳಿಗೆ, ಎರಡನೆಯವನು ಕೋನ್ ಇಟ್ಟು ಗಾಡಿಗಳನ್ನು ನಿಧಾನಿಸಲಿ. ಈ ಹಂಚಿಕೆ ಮೊದಲೇ ಆಗಿರದಿದ್ದರೆ ಇಬ್ಬರೂ ಗಾಯಾಳುವಿನ ಮೇಲೆ ಬಾಗಿರುತ್ತಾರೆ, ರಸ್ತೆ ನೋಡುವವರೇ ಇರುವುದಿಲ್ಲ.

ಬೆಂಕಿಯ ಕರೆಗೆ, ಮರ ಕಡಿಯುವ ಕರೆಗೆ ಬೈಕಿನಲ್ಲಿ ನೇರ ಸ್ಥಳಕ್ಕೆ ಹೋಗುವುದು ಬೇಡ. ಬೈಕು ಸಾಮಾನಿರುವ ಜಾಗದವರೆಗೆ ಮಾತ್ರ, ಅಲ್ಲಿಂದ ಜೀಪು. ಗರಗಸ, ಹಗ್ಗ, ಉಸಿರಾಟದ ಸೆಟ್ಟು ಬೆನ್ನಿಗೇರಿಸಿ ಬೈಕು ಓಡಿಸಿದರೆ ಬಿದ್ದಾಗ ಆ ಸಾಮಾನೇ ಬೆನ್ನುಮೂಳೆ ಮುರಿಯುತ್ತದೆ. ಗಂಬೂಟು ಹಾಕಿ ಹೊರಡುವುದೂ ಬೇಡ: ದಪ್ಪ ಮುಂಗಾಲು ಗೇರ್ ಲಿವರಿನ ಕೆಳಗೆ ತೂರುವುದಿಲ್ಲ, ಹಿಂದಿನ ಬ್ರೇಕನ್ನು ಎಷ್ಟು ಒತ್ತಿದ್ದೇವೆಂದು ಕಾಲಿಗೆ ಗೊತ್ತಾಗುವುದಿಲ್ಲ. ಜಿಲ್ಲೆಗೆ ರೆಡ್ ಅಲರ್ಟ್ ಇರುವ ದಿನ, ಗುಡ್ಡ ಜರಿಯುತ್ತಿರುವ ಸುದ್ದಿ ಬಂದ ದಿನ ಬೈಕ್ ಪಾಳಿಯೇ ಇರಬಾರದು. ಇದನ್ನು ಸವಾರನ ವಿವೇಚನೆಗೆ ಬಿಡಬೇಡಿ. ಕರೆ ಬಂದ ಮೇಲೆ ‘ನಾನು ಹೋಗುವುದಿಲ್ಲ’ ಎನ್ನುವ ಧೈರ್ಯ ಇಪ್ಪತ್ತೆರಡರ ಹುಡುಗನಿಗೆ ಇರುವುದಿಲ್ಲ. ಬೇಡವೆನ್ನುವ ಹೊಣೆ ಸಂಯೋಜಕನದ್ದು.

ಪಾಳಿಗೆ ಸೇರಿಸುವ ಮೊದಲು ಖಾಲಿ ಮೈದಾನದಲ್ಲಿ, ಬಾಕ್ಸುಗಳಿಗೆ 20 ಕಿಲೋ ಮರಳು ತುಂಬಿ ಅಭ್ಯಾಸ ಮಾಡಿಸಿ. 40ರ ವೇಗದಿಂದ ಗಕ್ಕನೆ ನಿಲ್ಲಿಸುವುದು ಹತ್ತು ಸಲ, ರಸ್ತೆಯ ಅಗಲದೊಳಗೇ ಯು ತಿರುವು ಹತ್ತು ಸಲ. ಆಮೇಲೆ ನೆಲಕ್ಕೆ ನೀರು ಹಾಕಿ ಮತ್ತೆ ಅಷ್ಟೇ. ದಿನಾ ಬೈಕು ಓಡಿಸುವವರೂ ಈ ಭಾರದಲ್ಲಿ ಮೊದಲ ಮೂರು ಸಲ ಗುರುತು ದಾಟಿಯೇ ನಿಲ್ಲುತ್ತಾರೆ.

ಇನ್ನು ಸೈರನ್ ಸಹಿತ, ತಂಡದ್ದೇ ಹೆಸರಿನ ಬೈಕ್ ಆಂಬುಲೆನ್ಸ್. ಅದಕ್ಕೂ ದಾರಿ ಇದೆ. ರಾಷ್ಟ್ರೀಯ ಆಂಬುಲೆನ್ಸ್ ಮಾನದಂಡ ಎಐಎಸ್-125ರಲ್ಲಿ ‘ಎ’ ವರ್ಗ ಅಂದರೆ ರೋಗಿಯನ್ನು ಸಾಗಿಸದೆ ಇದ್ದಲ್ಲೇ ಚಿಕಿತ್ಸೆ ಕೊಡಲು ಹೋಗುವ ವಾಹನ, ದ್ವಿಚಕ್ರವೂ ಅದರಲ್ಲಿ ಸೇರುತ್ತದೆ. ಹಾಗೆ ನೋಂದಾಯಿಸಿದ ಮೇಲೂ ಬೈಕಿನ ಬ್ಯಾಟರಿ ಚಿಕ್ಕದೆಂಬುದು ನೆನಪಿರಲಿ. 100 ವ್ಯಾಟ್ ಸೈರನ್ ಸುಮಾರು 8 ಆಂಪಿಯರ್ ಎಳೆಯುತ್ತದೆ. 12 ವೋಲ್ಟಿನ 6 ಆಂಪಿಯರ್-ಅವರ್ ಬ್ಯಾಟರಿ, ಎಂಜಿನ್ ಬಂದ್ ಮಾಡಿ ಸೈರನ್, ದೀಪ ಎರಡೂ ಉರಿಸಿಟ್ಟರೆ ಅರ್ಧ ಗಂಟೆಯೊಳಗೆ ಸತ್ತುಹೋಗುತ್ತದೆ. ನಿಂತಾಗ 20 ವ್ಯಾಟ್ ಒಳಗಿನ ಎಲ್‌ಇಡಿ ದೀಪ ಮಾತ್ರ ಉರಿಯುವಂತೆ ಬೇರೆ ಸ್ವಿಚ್ಚು, ಬೇರೆ ಫ್ಯೂಸು ಬೇಕು.

ಆ ಖರ್ಚಿಗೆ ಇಳಿಯುವ ಮೊದಲು ಆರು ತಿಂಗಳು ಒಂದು ಪುಸ್ತಕ ಬರೆದಿಡಿ. ಪ್ರತಿ ಕರೆಗೆ ನಾಲ್ಕು ಸಮಯ: ಕರೆ ಬಂದದ್ದು, ಬೈಕು ಹೊರಟದ್ದು, ಬೈಕು ತಲುಪಿದ್ದು, ಆಂಬುಲೆನ್ಸ್ ತಲುಪಿದ್ದು. ಕೊನೆಯ ಎರಡರ ಅಂತರವೇ ನಿಮ್ಮ ಬೈಕಿನ ನಿಜವಾದ ಗಳಿಕೆ. ಯಾವ ದಿಕ್ಕಿನ ಕರೆಗಳಲ್ಲಿ ಅದು ಮೂರು ನಿಮಿಷಕ್ಕಿಂತ ಕಡಿಮೆಯೋ ಆ ಕಡೆಗೆ ಬೈಕು ಬೇಡ. ಯಾವ ಕಡೆ ಹತ್ತು ದಾಟುತ್ತದೋ ಅಲ್ಲಿನ ಚೆಕ್‌ಪೋಸ್ಟ್, ಪೆಟ್ರೋಲ್ ಬಂಕ್, ಹಾಲಿನ ಡೇರಿ ಎಲ್ಲಾದರೂ ಬೈಕು ನಿಲ್ಲಿಸಲು ನೆರಳಿನ ಜಾಗ ಕೇಳಿ. ಆರ್‌ಟಿಒ ಕಚೇರಿಗೆ ಅರ್ಜಿ ಹಿಡಿದು ಹೋಗುವಾಗ ಆ ಪುಸ್ತಕವೂ ಕೈಯಲ್ಲಿರಲಿ.